ನಲವತ್ತು ಗೆರೆಗಳ ಸುಳ್ಳು

ಮನೆಯಿಂದ, ಕಿಟಕಿ ಪಕ್ಕದ ಮೇಜು
ಭಾನುವಾರ, 9ನೇ ತಾರೀಖು

ಪ್ರೀತಿಯ ಪೀಪಿ,

ಹೇಗಿದ್ದೀಯ? ಗಂಟಲು ಹೇಗಿದೆ? ಚಳಿ ಬಿದ್ದ ಕೂಡಲೇ ನಿನಗೆ ಒಣಕೆಮ್ಮು ಹತ್ತಿಕೊಳ್ಳುತ್ತದೆ, ಹತ್ತಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ ‘ಪಾಠದ ಮಧ್ಯೆ ಯಾರು ನೀರು ಕಾಯಿಸ್ತಾ ಕೂರ್ತಾರೆ’ ಎಂದು ತಣ್ಣೀರನ್ನೇ ಸುರಿದುಕೊಳ್ಳುತ್ತಿದ್ದೀಯೋ? ಸೊಂಟ ನೋವು ಕಡಿಮೆಯಾಯಿತೆ? ಶಾಲೆಯ ಆ ಭಾರದ ಕೀಬೋರ್ಡನ್ನು ನೀನೇ ಹೊತ್ತುಕೊಂಡು ಮಹಡಿ ಹತ್ತಬೇಡ, ಅದಕ್ಕೆಂದೇ ಆಳುಗಳಿದ್ದಾರೆ. ಪೀಪಿ ಎಂದು ಕರೆದದ್ದಕ್ಕೆ ಮೂಗು ಮುರಿಯಲೂ ಬೇಡ. ನಲವತ್ಮೂರು ವರ್ಷದ ಸಂಗೀತದ ಮೇಡಂ ಆದರೇನಂತೆ? ಹುಟ್ಟಿದ ಮೂರನೇ ದಿನ ಅಕ್ಕಪಕ್ಕದವರೆಲ್ಲ ಎದ್ದು ಬರುವ ಹಾಗೆ ಅತ್ತವಳು ನೀನು, ಹೆಸರಿಟ್ಟವನು ನಾನು. ಐದು ವರ್ಷದ ಅಣ್ಣ ಇಟ್ಟ ಹೆಸರನ್ನು ಯಾವ ಕಚೇರಿಯಲ್ಲೂ ತಿದ್ದಿಸಲು ಬರುವುದಿಲ್ಲ.

ನೀನು ಮಾತು ಬಿಟ್ಟು ಏಳು ತಿಂಗಳಾಯಿತು. ಮೊಬೈಲಿನಲ್ಲಿ ನಾನು ಕಳಿಸಿದ್ದು ಯಾವುದೂ ನಿನ್ನನ್ನು ಮುಟ್ಟುತ್ತಿಲ್ಲ, ನನ್ನ ನಂಬರನ್ನೇ ನೀನು ತಡೆದಿಟ್ಟಿದ್ದೀಯ ಎಂದು ನಿನ್ನ ಅತ್ತಿಗೆ ಹೇಳಿದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ಅಕ್ಷರ ಸೊಟ್ಟ ಇದ್ದರೆ ನಗಬೇಡ. ದಿನವಿಡೀ ಅಕ್ಷರಗಳ ಆಕಾರ ನೋಡಿ ಬದುಕುವವನ ಕೈಬರಹ ಯಾವತ್ತೂ ಹೀಗೇ ಇರುತ್ತದೆ, ನಾಪಿತನ ತಲೆಕೂದಲಿನ ಹಾಗೆ. ಹರಿದು ಬುಟ್ಟಿಗೆ ಎಸೆಯುವ ಮೊದಲು ಒಂದೇ ಒಂದು ಸಲ ಪೂರ್ತಿ ಓದು. ನಿನ್ನ ಆಲ್ಬಮ್ಮಿಗೆ ನಾನು ಅಂಥ ಕವರು ಯಾಕೆ ಮಾಡಿದೆ ಎಂದು ನಿಜ ಹೇಳುತ್ತೇನೆ. ಕೇಳಿದ ಮೇಲೂ ಸಿಟ್ಟು ಇಳಿಯದಿದ್ದರೆ ಅದು ನಿನ್ನ ಹಕ್ಕು, ನಾನು ಅಡ್ಡಿ ಬರುವುದಿಲ್ಲ.

ಮೊದಲು ಮನೆಯ ಸಮಾಚಾರ. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಲೈಬ್ರರಿಯಲ್ಲಿ ದಿನವಿಡೀ ಜನರನ್ನು ‘ಶ್’ ಅನ್ನುವುದೇ ಅವಳ ಕೆಲಸ, ಮನೆಗೆ ಬಂದ ಮೇಲೆ ಆ ಬಾಕಿಯನ್ನೆಲ್ಲ ನನ್ನ ಮೇಲೆ ಕೂಗಿ ತೀರಿಸಿಕೊಳ್ಳುತ್ತಾಳೆ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಬಕೆಟ್ ಇಟ್ಟು ನಲ್ಲಿ ತಿರುಗಿಸಿ ನಾನು ಇಲ್ಲಿ ಬಂದು ಕೆಲಸಕ್ಕೆ ಕೂತೆ. ಮೊದಲಾದರೆ ನೀರು ಮೇಲೇರಿದಂತೆ ಬಕೆಟ್ಟಿನ ಶ್ರುತಿ ಏರುವುದನ್ನು ಕೇಳುತ್ತಲೇ ಕೆಲಸ ಮಾಡುತ್ತಿದ್ದೆ, ಸರಿಯಾಗಿ ಕಂಠಮಟ್ಟ ತುಂಬುವ ಹೊತ್ತಿಗೆ ಎದ್ದು ಹೋಗುತ್ತಿದ್ದೆ. ಅವತ್ತು ಏಳಲಿಲ್ಲ. ಇವಳು ಯಾವುದೋ ಪುಸ್ತಕ ಮರೆತು ವಾಪಸು ಬಂದವಳು ಬಾಗಿಲಲ್ಲಿ ನಿಂತು ನಾಲ್ಕು ಸಲ ‘ರೀ, ಮನೆ ತೇಲ್ತಾ ಇದೆ ಕಣ್ರೀ!’ ಎಂದು ಕಿರುಚಿದಳಂತೆ. ನಾನು ಬೆನ್ನು ಹಾಕಿ, ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು ಕೂತು ಒಂದು ಅಕ್ಷರದ ಬಾಲವನ್ನು ಎಳೆಯುತ್ತಲೇ ಇದ್ದೆ. ಕೊನೆಗೆ ಬಂದು ಭುಜ ಹಿಡಿದು ಅಲುಗಿಸಿದಾಗ ನೋಡುತ್ತೇನೆ, ಬಚ್ಚಲ ತೂಬು ಕಟ್ಟಿಕೊಂಡು ಮನೆಯೆಲ್ಲ ಪಾದ ಮುಳುಗುವಷ್ಟು ನೀರು. ಕಪಾಟಿನ ಕೆಳಗಿನ ಅರೆಯಲ್ಲಿದ್ದ ಅರುವತ್ತೆರಡು ರೆಕಾರ್ಡುಗಳ ಕವರುಗಳು ತೊಯ್ದು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನೆಲ್ಲ ಬಿಡಿಸಿ ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದೆವು. ಎದುರುಮನೆಯ ಟೈಲರು ಬಾಲ್ಕನಿಯಿಂದ ನೋಡಿ ‘ಏನ್ಸಾರ್, ಅಂಗಡಿ ತೆಗೆದ್ರಾ?’ ಎಂದು ಕೇಳಿದನಂತೆ. ‘ಕೇಳಿದನಂತೆ’ ಎಂದೇ ಬರೆಯಬೇಕು, ಏಕೆಂದರೆ ಅದನ್ನೂ ನನಗೆ ಇವಳೇ ಹೇಳಬೇಕಾಯಿತು.

ನನಗೆ ಕಿವಿ ಕೇಳಿಸುತ್ತಿಲ್ಲ ಪೀಪಿ. ವಿಷಯ ಇಷ್ಟೇ. ಎರಡು ವರ್ಷದಿಂದ ಕಡಿಮೆಯಾಗುತ್ತಾ ಬಂದು ಈಗ ಹತ್ತಿರಹತ್ತಿರ ಏನೂ ಇಲ್ಲ ಎನ್ನುವಲ್ಲಿಗೆ ನಿಂತಿದೆ. ನೀರು ಮನೆ ತುಂಬಿದ ದಿನದವರೆಗೆ ಯಾರಿಗೂ ಹೇಳಿರಲಿಲ್ಲ, ಒಂದೇ ಸೂರಿನ ಕೆಳಗಿದ್ದ ಹೆಂಡತಿಗೂ. ಅವಳು ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅತ್ತಳು. ಆಮೇಲೆ ನೆಲ ಒರೆಸಿದಳು. ಆಮೇಲೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ಮಾತಾಡಿದ್ದರೂ ನನಗೇನು ಗೊತ್ತಾಗುತ್ತಿತ್ತು ಬಿಡು.

ಎಡಗಿವಿಯ ಕಥೆ ನಿನಗೆ ಗೊತ್ತು. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದು, ಮುಖವೆಲ್ಲ ಕುಂಬಳಕಾಯಿ ಆಗಿ, ಊತ ಇಳಿದಾಗ ಎಡಗಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಮ್ಮ ಎಷ್ಟು ಅತ್ತಿದ್ದಳೆಂದು ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಎರಡು ವರ್ಷದವಳು. ಆದರೆ ಅಪ್ಪ ಅಳಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ, ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುತ್ತಿದ್ದ ಮನುಷ್ಯ ಅವರು. ನನ್ನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ, ಬಲಗಿವಿಯ ಪಕ್ಕಕ್ಕೆ ಸ್ಪೀಕರ್ ಇಟ್ಟು, ‘ಒಂದು ಇದ್ರೆ ಸಾಕು ಕಣೋ, ಸರಿಯಾಗಿ ಇಟ್ಕೋ’ ಎಂದರು. ಅವತ್ತಿನಿಂದ ಆ ಒಂದನ್ನು ನಾನು ಒಡವೆಯ ಹಾಗೆ ಇಟ್ಟುಕೊಂಡೆ. ರಸ್ತೆಯಲ್ಲಿ ನೀನು ಯಾವಾಗಲೂ ನನ್ನ ಬಲಗಡೆಗೇ ಓಡಿ ಬರುತ್ತಿದ್ದೆ. ಬಸ್ಸಿನಲ್ಲಿ ಬಲಗಡೆ ಯಾರಾದರೂ ದೊಡ್ಡವರು ಕೂತಿದ್ದರೆ ‘ಏಳಿ, ಇದು ನಾನು ಮಾತಾಡೋ ಜಾಗ’ ಎಂದು ಅವರನ್ನೇ ಎಬ್ಬಿಸುತ್ತಿದ್ದೆ. ‘ಇವನಿಗೆ ಕಿವಿ, ಇವಳಿಗೆ ಕಂಠ, ನಡುವೆ ನಾನೊಬ್ಬ ಬೆಸುಗೆ ಹಾಕೋನು’ ಎಂದು ಅಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು.

ನಾನು ಈ ಕೆಲಸಕ್ಕೆ ಬಿದ್ದದ್ದೂ ಆ ಕೋಣೆಯಲ್ಲೇ. ಪ್ಲೇಯರ್ ರಿಪೇರಿಗೆ ಕೊಟ್ಟವರು ಪರೀಕ್ಷೆಗೆಂದು ಒಂದೆರಡು ರೆಕಾರ್ಡುಗಳನ್ನೂ ಬಿಟ್ಟುಹೋಗುತ್ತಿದ್ದರಲ್ಲ, ಅವುಗಳ ಕವರು ಹರಿದು ಚಿಂದಿಯಾಗಿರುತ್ತಿದ್ದವು. ರೇಡಿಯೋದ ಗಾಜಿನ ವಾಲ್ವುಗಳು ಬರುತ್ತಿದ್ದ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ನಾನು ಹೊಸ ಕವರು ಮಾಡಿ ಚಿತ್ರ ಬರೆಯುತ್ತಿದ್ದೆ. ಒಂದು ಸಲ ಹಾಡು ಕೇಳದೆಯೇ, ಹೆಸರು ನೋಡಿ, ಹೂವಿನ ಬಳ್ಳಿ ಬರೆದುಬಿಟ್ಟೆ. ಅಪ್ಪ ಯಾವತ್ತೂ ಕೈ ಎತ್ತಿದವರಲ್ಲ, ಅವತ್ತು ಮಾತ್ರ ಆ ರಟ್ಟನ್ನು ನನ್ನ ಕಣ್ಣೆದುರೇ ಮಡಚಿ ಒಲೆಗೆ ಹಾಕಿದರು. ‘ಒಳಗೇನಿದೆ ಅಂತ ಗೊತ್ತಿಲ್ದೆ ಮೇಲೆ ಚೀಟಿ ಅಂಟಿಸೋನು ಕಳ್ಳ ಕಣೋ’ ಎಂದರು. ಆ ರೆಕಾರ್ಡನ್ನು ನಾನು ನಲವತ್ತು ಸಲ ಕೇಳಿದೆ. ಒಂದೊಂದು ಸಲಕ್ಕೆ ನೋಟುಬುಕ್ಕಿನಲ್ಲಿ ಒಂದೊಂದು ಗೆರೆ ಎಳೆದೆ. ನಲವತ್ತಾದ ಮೇಲೆ ಹೊಸದು ಬರೆದೆ, ಅಪ್ಪ ನೋಡಿ ಅದರೊಳಗೆ ರೆಕಾರ್ಡು ತೂರಿಸಿದರು. ಅಲ್ಲಿಂದ ಮುಂದೆ ನಾನು ಮಾಡಿದ ಪ್ರತಿ ಕವರಿಗೂ ನಲವತ್ತು ಗೆರೆ. ಮುನ್ನೂರಕ್ಕೂ ಹೆಚ್ಚು ಆಲ್ಬಮ್ಮು, ಅಷ್ಟೂ ಗೆರೆಗಳ ನೋಟುಬುಕ್ಕುಗಳು ಈಗಲೂ ನನ್ನ ಡ್ರಾಯರಿನಲ್ಲಿವೆ.

ಬದುಕೆಲ್ಲ ಹಾಗೇ ಆಯಿತು ನೋಡು, ಹಾಡು ಹೋದ ಕಡೆ ನಾನು ಹೋದೆ. ಜಾಹೀರಾತು ಕಂಪನಿಯ ಒಳ್ಳೇ ಕೆಲಸವನ್ನು ‘ಮೇಜಿನ ಹತ್ತಿರ ಹಾಡು ಹಾಕ್ಬಾರ್ದು’ ಎಂದರೆಂಬ ಒಂದೇ ಕಾರಣಕ್ಕೆ ಬಿಟ್ಟೆ. ಸ್ನೇಹಿತರೆಂದರೆ ಪಿಟೀಲಿನವರು, ಡ್ರಮ್ಮಿನವರು, ಕೊಳಲಿನವರು. ನಿನ್ನ ಅತ್ತಿಗೆ ಸಿಕ್ಕಿದ್ದೂ ಹಳೆಯ ಸ್ವರಲಿಪಿಯ ಪುಸ್ತಕ ಹುಡುಕಿಕೊಂಡು ಲೈಬ್ರರಿಗೆ ಹೋದಾಗ. ಕಪಾಟಿನ ಮುಂದೆ ನಿಂತು ಪುಟ ನೋಡುತ್ತಾ ನನಗೆ ಅರಿವಿಲ್ಲದೆಯೇ ಗುನುಗುತ್ತಿದ್ದೆನಂತೆ. ಬಂದು ನಿಂತು ‘ಇದು ಲೈಬ್ರರಿ, ನಿಮ್ಮನೆ ಬಚ್ಚಲಲ್ಲ’ ಎಂದಳು. ಅದೇ ವಾರ ಮೂರು ಸಲ ಹೋಗಿ ಮೂರು ಸಲ ಬೈಸಿಕೊಂಡೆ. ಮದುವೆಯಾಗುವಾಗಲೇ ಅವಳು ಹೇಳಿದ್ದಳು: ‘ನೋಡಿ, ನಂಗೆ ಸಂಗೀತ ಅಂದ್ರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನೇ ಆ ಕೋಣ.’ ಇಪ್ಪತ್ತಮೂರು ವರ್ಷ ಆ ಕೋಣನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಬಾರಿಸಿದ್ದೇನೆ. ಈಗ ಮನೆ ಸದ್ದಿಲ್ಲದೆ ಬಿದ್ದುಕೊಂಡಿದೆ, ಅವಳಿಗೆ ಇಷ್ಟವಾಗಬೇಕಿತ್ತು. ‘ಏನಾದ್ರೂ ಹಾಕ್ರೀ, ಮನೆ ಹೆಣದ ಹಾಗಿದೆ’ ಎಂದು ಅವಳೇ ಅನ್ನುತ್ತಾಳೆ.

ಬಲಗಿವಿ ಹೋಗತೊಡಗಿದ್ದು ಗೊತ್ತೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಾಯಿತು, ಒಪ್ಪಿಕೊಳ್ಳಲಿಲ್ಲ. ಮೊದಲು ತಾಳದ ತೀಕ್ಷ್ಣ ಸದ್ದು ಹೋಯಿತು, ರೆಕಾರ್ಡಿಂಗ್ ಸರಿಯಿಲ್ಲ ಎಂದುಕೊಂಡೆ. ಆಮೇಲೆ ಪಿಟೀಲಿನ ಮೇಲಿನ ಸ್ವರಗಳು ಹೋದವು, ಹೆಡ್‌ಫೋನ್ ಹಳೆಯದಾಯಿತು ಎಂದು ಹೊಸದು ತಂದೆ. ಅದಾದ ಮೇಲೆ ಸ್ವರಗಳೆಲ್ಲ ಒಂದರೊಳಗೊಂದು ಕಲಸಿಹೋಗಿ, ಯಾರು ಹಾಡಿದರೂ ಮುಚ್ಚಿದ ಬಾಗಿಲಾಚೆ ಮಿಕ್ಸಿ ತಿರುಗುತ್ತಿರುವಂತೆ ಆಗತೊಡಗಿತು. ಆಗಲಾದರೂ ಬಾಯಿ ಬಿಡಬೇಕಿತ್ತು. ಆದರೆ ಮ್ಯೂಸಿಕ್ ಕಂಪನಿಯವರು ನನ್ನನ್ನು ಹೊಸಬರಿಗೆ ಪರಿಚಯ ಮಾಡಿಸುವುದೇ ‘ಇವರು ಕಿವಿ ಇರೋ ಡಿಸೈನರ್’ ಎಂದು. ಚಿತ್ರ ಚೆನ್ನಾಗಿ ಬರೆಯುವವರು ಈ ಊರಲ್ಲಿ ಗಲ್ಲಿಗೊಬ್ಬರಿದ್ದಾರೆ ಪೀಪಿ. ಕಿವಿ ಹೋದರೆ ನಾನು ಯಾರು? ಅದಕ್ಕೇ ನಾಟಕ ಶುರುಮಾಡಿದೆ. ಹಾಡಿದವರನ್ನೇ ಕಾಫಿಗೆ ಕರೆದು, ‘ಈ ಹಾಡಿನ ಹಿಂದೆ ಏನಿತ್ತು, ನಿಮ್ಮ ಬಾಯಲ್ಲೇ ಕೇಳ್ಬೇಕು’ ಎಂದು ದೊಡ್ಡ ಮನುಷ್ಯನ ಹಾಗೆ ಕೇಳುವುದು, ಅವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುವುದು, ಉಳಿದರ್ಧಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಯಾವ ಹಾಡಿಗೂ ಒಪ್ಪುವಂಥ ಚಿತ್ರ ಬರೆಯುವುದು. ಹೀಗೆ ಎರಡು ಕವರು ದಾಟಿಸಿದೆ. ಎರಡನ್ನೂ ಹೊಗಳಿದರು. ಹೊಗಳಿಕೆ ನನ್ನನ್ನು ಕೆಡಿಸಿತು.

ಮೂರನೆಯದು ನಿನ್ನದು. ಇಪ್ಪತ್ತು ವರ್ಷ ಮಕ್ಕಳಿಗೆ ಹಾಡು ಕಲಿಸಿ ಕಲಿಸಿ, ಅಂತೂ ನಿನ್ನದೇ ಒಂದು ಆಲ್ಬಮ್ಮು. ಎಂಟು ಹಾಡಿನ ಫೈಲುಗಳ ಜೊತೆ ನೀನು ಬರೆದಿದ್ದ ಸಾಲು ನನಗೆ ಬಾಯಿಪಾಠ ಇದೆ. ‘ಅಣ್ಣಾ, ಕೊನೇ ಹಾಡಿನ ಬಗ್ಗೆ ನಾನು ಏನೂ ಹೇಳಲ್ಲ. ನೀನು ಕೇಳು, ನಿಂಗೇ ಗೊತ್ತಾಗತ್ತೆ. ಕವರ್ ಮಾತ್ರ ಪ್ರಿಂಟ್ ಆಗೋವರೆಗೂ ನಂಗೆ ತೋರಿಸ್ಬೇಡ.’ ಸಣ್ಣವರಿದ್ದಾಗಲೂ ಹಾಗೇ ಅಲ್ಲವೆ, ನಾನು ಬರೆದು ಮುಗಿಸುವವರೆಗೆ ನೀನು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ನಿನ್ನನ್ನು ಕಾಫಿಗೆ ಕರೆದು ಬಾಯಿ ಬಿಡಿಸುವ ಹಾಗಿರಲಿಲ್ಲ. ನೀನು ನನ್ನ ಮುಖ ನೋಡಿದ ಕೂಡಲೇ ಹಿಡಿದುಬಿಡುತ್ತಿದ್ದೆ. ಪ್ರತಿದಿನ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಫೈಲು ನಲವತ್ತು ಸಲ ಓಡಿದ್ದು ನಿಜ, ನಾನು ನಲವತ್ತು ಗೆರೆ ಎಳೆದದ್ದೂ ನಿಜ. ಕೇಳಿಸಿದ್ದು ಒಂದು ಸಲವೂ ಇಲ್ಲ.

ಆಗ ನನ್ನ ಬುದ್ಧಿಗೆ ಹೊಳೆದ ಉಪಾಯ ಕೇಳು. ಇಂಥ ಉಪಾಯ ಡಿಸೈನರ್‌ಗಳ ತಲೆಗೆ ಮಾತ್ರ ಬರಲು ಸಾಧ್ಯ. ಕಂಪ್ಯೂಟರಿನಲ್ಲಿ ಹಾಡಿನ ಫೈಲು ತೆರೆದರೆ ಅದರ ಸದ್ದೆಲ್ಲ ಒಂದು ಉದ್ದನೆಯ ಪಟ್ಟಿಯಾಗಿ ಕಾಣಿಸುತ್ತದೆ, ನೀನೂ ನೋಡಿರುತ್ತೀಯ. ಸದ್ದು ಜೋರಾದಲ್ಲಿ ಪಟ್ಟಿ ದಪ್ಪ, ಸಣ್ಣಗಾದಲ್ಲಿ ತೆಳ್ಳಗೆ. ಕಿವಿ ಹೋದರೇನು, ಕಣ್ಣು ಇದೆಯಲ್ಲ ಎಂದು ಆ ಪಟ್ಟಿಗಳನ್ನೇ ಚಿತ್ರ ನೋಡುವ ಹಾಗೆ ನೋಡುತ್ತಾ ಕೂತೆ. ಮೊದಲ ಏಳು ಹಾಡುಗಳಲ್ಲಿ ಪಟ್ಟಿ ಏರುತ್ತಿತ್ತು, ಇಳಿಯುತ್ತಿತ್ತು. ಎಂಟನೆಯದು ಮಾತ್ರ ಶುರುವಿನಿಂದ ಕೊನೆಯವರೆಗೆ ಇಟ್ಟಿಗೆ ಗೋಡೆಯ ಹಾಗೆ ದಪ್ಪಗೆ ತುಂಬಿಕೊಂಡಿತ್ತು. ಓಹೋ, ಎಲ್ಲ ವಾದ್ಯಗಳೂ ಸೇರಿ ಧಾಂ ಧೂಂ ಎನ್ನುವ ಸಂಭ್ರಮದ ಹಾಡು, ಇದನ್ನೇ ಪೀಪಿ ಗುಟ್ಟಾಗಿ ಇಟ್ಟಿದ್ದಾಳೆ ಎಂದುಕೊಂಡೆ. ಮೊಟ್ಟೆಯ ಹಳದಿಯಂಥ ಹಳದಿ ಬಳಿದೆ. ಅದರ ಮೇಲೆ ಕೆಂಪು, ನೀಲಿ ಕಾಗದದ ಚೂರುಗಳು ಹಾರುವಂತೆ ಮಾಡಿ, ನಡುವೆ ನೆಲ ಬಿಟ್ಟು ಜಿಗಿಯುತ್ತಿರುವ ಎರಡು ಪಾದ ಬರೆದೆ. ಅಷ್ಟಕ್ಕೇ ಸುಮ್ಮನಿರದೆ ‘ಕೊನೇ ಹಾಡು ಕೇಳಿ ಎದ್ದು ಕುಣಿದುಬಿಟ್ಟೆ ಕಣೇ’ ಎಂದು ನಿನಗೆ ಮೆಸೇಜನ್ನೂ ಕಳಿಸಿದೆ. ನೀನು ಎರಡು ದಿನ ಬಿಟ್ಟು ‘ಸರಿ ಅಣ್ಣ’ ಎಂದಷ್ಟೇ ಬರೆದೆ. ಅಮ್ಮನ ನೆನಪು ಅವನಿಗೆ ಸಂತೋಷ ಕೊಟ್ಟಿರಬಹುದು, ಒಬ್ಬೊಬ್ಬರ ದುಃಖ ಒಂದೊಂದು ಥರ ಎಂದು ಸಮಾಧಾನ ಮಾಡಿಕೊಂಡೆಯಂತೆ. ಅದನ್ನು ಅತ್ತಿಗೆಯ ಹತ್ತಿರ ನೀನು ಹೇಳಿಕೊಂಡದ್ದು ನನಗೆ ಗೊತ್ತಾದದ್ದು ಮೊನ್ನೆ. ನನ್ನ ಕಿವಿಯ ಸಂಗತಿಯನ್ನು ಮಾತ್ರ ‘ಅದನ್ನ ನೀವೇ ಹೇಳ್ಬೇಕು’ ಎಂದು ಅವಳು ನಿನಗೆ ತಿಳಿಸಿಲ್ಲ.

ಬಿಡುಗಡೆಯ ದಿನವನ್ನು ನಿನಗೆ ನೆನಪಿಸುವ ಅಗತ್ಯವಿಲ್ಲ. ಆದರೆ ನಾನು ಕೂತಿದ್ದ ಕುರ್ಚಿಯಿಂದ ಅದು ಹೇಗಿತ್ತೆಂದು ನೀನು ತಿಳಿಯಬೇಕು. ಮೊದಲ ಸಾಲಿನಲ್ಲಿದ್ದೆ. ನೀನು ವೇದಿಕೆಗೆ ಬಂದೆ, ನಿನ್ನ ಬೆನ್ನ ಹಿಂದಿನ ಪರದೆಯ ಮೇಲೆ ಆಳೆತ್ತರಕ್ಕೆ ನನ್ನ ಹಳದಿ. ನೀನು ಇನ್ನೂ ತಿರುಗಿ ನೋಡಿರಲಿಲ್ಲ. ಏಳು ಹಾಡು ಮುಗಿದವು, ನಾನು ಪಕ್ಕದವರ ಕೈ ನೋಡಿ ಚಪ್ಪಾಳೆ ತಟ್ಟಿದೆ. ಎಂಟನೆಯದಕ್ಕೆ ವಾದ್ಯದವರೆಲ್ಲ ಎದ್ದು ಒಳಗೆ ಹೋದರು. ನೀನೊಬ್ಬಳೇ ಕಣ್ಣು ಮುಚ್ಚಿ, ಮೈಕನ್ನು ತುಟಿಗೆ ಅಂಟಿಸಿಕೊಂಡಂತೆ ಹಿಡಿದು, ತುಟಿಯನ್ನೇ ತೆರೆಯದೆ ಹಾಡುತ್ತಿದ್ದೆ. ಸುತ್ತ ನೋಡಿದೆ. ನಿನ್ನ ಶಾಲೆಯ ಹೆಡ್ ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಕಡೆ ತಿರುಗಿದರೆ ನಿನ್ನ ಅತ್ತಿಗೆ, ಕೋಣ ಕೋಣ ಎಂದುಕೊಳ್ಳುತ್ತಿದ್ದವಳು, ಬಿಕ್ಕುತ್ತಿದ್ದಾಳೆ. ಇಡೀ ಸಭೆಯಲ್ಲಿ ಕಣ್ಣು ಒಣಗಿದ್ದವನು ನಾನೊಬ್ಬನೇ. ಎದುರಿಗೆ ಆ ಜಿಗಿಯುವ ಪಾದಗಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀನು ಮುಗಿಸಿ, ಕಣ್ಣು ತೆರೆದು, ಹೂಗುಚ್ಛ ತೆಗೆದುಕೊಳ್ಳಲೆಂದು ತಿರುಗಿದೆ. ಆಗ ನೋಡಿದೆ. ನಿನ್ನ ಭುಜ ಕುಸಿದದ್ದನ್ನು ನಾನು ಕಂಡೆ.

ಒಳಗಿನ ಕೋಣೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು, ಅದು ತುಟಿ ನೋಡಿಯೇ ತಿಳಿಯಿತು. ‘ಅಣ್ಣಾ, ನೀನು ಕೇಳಿದ್ಯಾ?’ ಆಗಲೂ ಹೇಳಬಹುದಿತ್ತು. ‘ನಲವತ್ತು ಸಲ’ ಎಂದೆ. ನೀನು ಕೈ ಬಿಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ಇವಳು ನನ್ನ ಮುಖದ ಕಡೆಗೇ ತಿರುಗಿ ‘ಅತ್ತೆ ಬಟ್ಟೆ ಮಡಚುವಾಗ ಗುನುಗ್ತಿದ್ರಲ್ಲಾ, ಅದೇ ಕಣ್ರೀ. ನಂಗೇ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ವಾ?’ ಎಂದಳು. ‘ಗೊತ್ತಾಯ್ತು’ ಎಂದೆ. ಸುಳ್ಳು ಒಂದು ಸಲ ಮನೆ ಸೇರಿದರೆ ಹೆಂಡತಿ ಮಕ್ಕಳನ್ನೆಲ್ಲ ಕರೆಸಿಕೊಳ್ಳುತ್ತದೆ. ಅಮ್ಮ ಹೋದಾಗ ನೀನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕುತ್ತಾ, ಲೋಟ ತೊಳೆಯುತ್ತಾ ಓಡಾಡಿದ್ದೆ. ನಾಲ್ಕು ವರ್ಷ ಕಟ್ಟಿಟ್ಟ ಅಳುವನ್ನು ನೀನು ಎಂಟನೇ ಹಾಡಿನಲ್ಲಿ ಇಟ್ಟು ಕೊಟ್ಟೆ, ಒಡಹುಟ್ಟಿದವನು ಅದಕ್ಕೆ ಬಣ್ಣದ ಕಾಗದ ಎರಚಿದ. ಆಮೇಲೆ ರೆಕಾರ್ಡಿಂಗ್ ಮಾಡಿದವನನ್ನು ಮೆಸೇಜು ಮಾಡಿ ಕೇಳಿದೆ, ಆ ಪಟ್ಟಿ ಅಷ್ಟು ದಪ್ಪ ಯಾಕಿತ್ತು ಎಂದು. ‘ಮೇಡಂ ತುಂಬಾ ಮೆಲ್ಲಗೆ ಗುನುಗಿದ್ರು ಸಾರ್, ಏನೂ ಕೇಳಿಸ್ತಿರ್ಲಿಲ್ಲ, ಅದಕ್ಕೆ ವಾಲ್ಯೂಮ್ ಪೂರ್ತಿ ಮೇಲಕ್ಕೆತ್ತಿದ್ವಿ’ ಎಂದು ಬರೆದ.

ಇನ್ನು ಆ ಫೋನು. ಬಿಡುಗಡೆಯಾಗಿ ನಾಲ್ಕನೇ ದಿನ ನೀನು ಫೋನು ಮಾಡಿ ತುಂಬ ಹೊತ್ತು ಮಾತಾಡಿದೆ. ನನಗೆ ಕೇಳಿಸಿದ್ದು ಬರೀ ಗುಂಯ್ ಎಂಬ ಸದ್ದು. ಅದು ನಿಂತಲ್ಲೆಲ್ಲ ‘ಹ್ಞೂಂ’ ಎಂದೆ, ಕೊನೆಗೆ ‘ಆಯ್ತು, ಹಾಗೇ ಮಾಡು’ ಎಂದು ಇಟ್ಟೆ. ‘ನಿನಗೆ ಅಮ್ಮನೂ ಬೇಡ, ನಾನೂ ಬೇಡ ಅಂತಿದ್ರೆ ಹೇಳಿಬಿಡು, ಇನ್ಮೇಲೆ ಫೋನ್ ಮಾಡಲ್ಲ’ ಎಂದು ನೀನು ಅಂದಿದ್ದೆಯಂತೆ, ಇದನ್ನೂ ಹೇಳಿದ್ದು ನಿನ್ನ ಅತ್ತಿಗೆಯೇ. ಅದಕ್ಕೆ ನಾನು ಕೊಟ್ಟ ಉತ್ತರ ‘ಹಾಗೇ ಮಾಡು’. ನನಗೆ ನೀನು ಬೇಡವಾಗುವುದೆಂದರೇನು ಪೀಪಿ? ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಹುಟ್ಟಿದಾಗಿನಿಂದ ಬಲ್ಲವರು ಯಾರೂ ಇಲ್ಲ, ನೀನು ಹುಟ್ಟಿದಾಗಿನಿಂದ ನಿನ್ನನ್ನು ಬಲ್ಲವನು ನಾನೊಬ್ಬನಿದ್ದೇನೆ.

ಮನೆಯಲ್ಲಿ ನೀರು ತುಂಬಿದ ವಾರವೇ ಇವಳು ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹೊರಗಿನ ಸದ್ದು ಒಳಗೆ ಬರದಂಥ ಒಂದು ಪೆಟ್ಟಿಗೆಯೊಳಗೆ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಗಾಜಿನಾಚೆ ಕೂತಿದ್ದ ಹುಡುಗಿಯ ಕೈ ಅಲುಗಿದಾಗಲೆಲ್ಲ ನಾನು ಗುಂಡಿ ಒತ್ತಿದೆ. ಪರೀಕ್ಷೆಯಲ್ಲೂ ಕಾಪಿ ಹೊಡೆದೆ ಕಣೇ! ಅವಳು ಎದ್ದು ಬಂದು ಸ್ಕೂಲು ಮಕ್ಕಳಿಗೆ ಮಾಡುವಂತೆ ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ತುಂಬ ಹೊತ್ತು ಗುಂಡಿ ಒತ್ತುವ ಪ್ರಸಂಗವೇ ಬರಲಿಲ್ಲ. ನರದ ಹತ್ತಿರ ಏನೋ ತೊಂದರೆಯಿದೆ ಎಂದು ಡಾಕ್ಟರಮ್ಮ ಬರೆದು ತೋರಿಸಿದರು. ನೋಡಿಕೊಳ್ಳುತ್ತಿದ್ದಾರೆ, ನೀನು ಗಾಬರಿಯಾಗಬೇಡ.

ಮ್ಯೂಸಿಕ್ ಕಂಪನಿಗೆ ಎಲ್ಲ ಬರೆದು ತಿಳಿಸಿದೆ. ಹಳದಿ ಕವರನ್ನು ನಿಲ್ಲಿಸಿ ಎಂದೆ, ನಿಲ್ಲಿಸಿದರು. ತುಂಬ ಒಳ್ಳೆಯ ಮಾತುಗಳಲ್ಲಿ ಉತ್ತರ ಬರೆದರು, ಆಮೇಲೆ ಹೊಸ ಕೆಲಸ ಯಾವುದೂ ಬಂದಿಲ್ಲ. ಈಗ ಔಷಧದ ಡಬ್ಬಿಗಳಿಗೆ ಲೇಬಲ್ಲು ಮಾಡುತ್ತಿದ್ದೇನೆ. ಒಳಗೇನಿದೆ ಎಂದು ಅವರೇ ಬರೆದು ಕೊಡುತ್ತಾರೆ. ನಿನಗೆ ಬೇರೆ ಕವರು ಮಾಡಿಕೊಡಬೇಕೆಂದು ಕೂತರೆ ಕೈ ಓಡಲಿಲ್ಲ. ಅದನ್ನು ನೋಡಿ ನಿನ್ನ ಅತ್ತಿಗೆ ಏನು ಮಾಡಿದಳು ಗೊತ್ತೆ? ಒಂದು ಬೆಳಿಗ್ಗೆ ನನ್ನ ಹೆಡ್‌ಫೋನನ್ನು ತಾನು ಹಾಕಿಕೊಂಡು ನನ್ನ ಎದುರು ಕೂತು ನಿನ್ನ ಎಂಟನೇ ಹಾಡನ್ನು ಹಚ್ಚಿದಳು. ಕೇಳುತ್ತಾ ಕೇಳುತ್ತಾ ಒಂದು ಹಾಳೆಯಲ್ಲಿ ಬರೆದು ನನ್ನ ಕಡೆ ತಳ್ಳಿದಳು. ದಿನಕ್ಕೊಂದು ಸಲ, ಲೈಬ್ರರಿಗೆ ಹೊರಡುವ ಮೊದಲು. ಸ್ವರದ ಹೆಸರು ಒಂದೂ ಅವಳಿಗೆ ಗೊತ್ತಿಲ್ಲ. ‘ಇಲ್ಲಿ ಉಸಿರು ತಗೊಂಡ್ಲು.’ ‘ಇಲ್ಲಿ ಮತ್ತೆ ಮೊದಲಿಂದ ಶುರು, ಆದರೆ ಸುಸ್ತಾಗಿದೆ.’ ‘ಇಲ್ಲಿ ನಿಲ್ಲಿಸಿಬಿಡ್ತಾಳೆ ಅನ್ಸತ್ತೆ, ನಿಲ್ಲಿಸಲ್ಲ.’ ‘ಇಲ್ಲಿ ಅತ್ತೆ ದಿಂಬಿನ ಕವರ್ ಕೊಡವಿದ ಹಾಗಿದೆ.’ ‘ಇವತ್ತು ಬರೆಯಕ್ಕಾಗ್ಲಿಲ್ಲ.’ ಇಂಥ ಹಾಳೆಗಳು. ನಿನ್ನೆಗೆ ನಲವತ್ತಾಯಿತು, ಗೆರೆಗಳನ್ನು ಅವಳೇ ಎಳೆದಿದ್ದಾಳೆ. ಅವನ್ನು ಇದರ ಜೊತೆ ಇಟ್ಟಿದ್ದೇನೆ. ಹೊಸ ಕವರನ್ನು ನಾನು ಮಾಡುವುದಿಲ್ಲ ಪೀಪಿ, ಬೇರೆ ಯಾರ ಹತ್ತಿರವಾದರೂ ಮಾಡಿಸು. ಕಿವಿ ಇರುವವರ ಹತ್ತಿರ. ಅವರಿಗೆ ಬೇಕಾದರೆ ಈ ಹಾಳೆಗಳನ್ನು ಕೊಡು.

ತಪ್ಪಾಯಿತು. ಕೇಳಿಸಲಿಲ್ಲ ಎಂಬುದು ನನ್ನ ತಪ್ಪಲ್ಲ ಎಂದು ಇವಳು ಹೇಳುತ್ತಾಳೆ, ಇರಬಹುದು. ಕೇಳಿಸಿತು ಎಂದದ್ದು ನನ್ನದೇ ತಪ್ಪು. ಅದಕ್ಕೆ ನಿನ್ನ ಕಾಲು ಹಿಡಿಯಲೂ ನನಗೆ ನಾಚಿಕೆಯಿಲ್ಲ, ಅಣ್ಣ ಎಂಬ ದೊಡ್ಡಸ್ತಿಕೆ ಆ ಸಭೆಯಲ್ಲೇ ಉದುರಿಹೋಯಿತು.

ಅತ್ತಿಗೆ ನೆನಪು ತಿಳಿಸಿದ್ದಾಳೆ, ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಳ್ಳಬೇಕಂತೆ. ನಿನ್ನ ಕಂಠ ನೂರು ಕಾಲ ಚೆನ್ನಾಗಿರಲಿ, ನಿನ್ನ ಶಾಲೆಯ ಮಕ್ಕಳೆಲ್ಲ ಶ್ರುತಿ ಹಿಡಿದು ಹಾಡಲಿ ಎಂದು ಹರಸುವ,

ನಿನ್ನ
ಅಣ್ಣ

ತಾ.ಕ.: ಅತ್ತಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಈ ಮಾತು ಬರೆಯದಿದ್ದರೆ ಕಾಗದ ಒಯ್ಯುವುದಿಲ್ಲವಂತೆ. ಇಪ್ಪತ್ತನೇ ತಾರೀಖು ಗುರುವಾರ ಬೆಳಿಗ್ಗೆ ನನಗೆ ಆಪರೇಷನ್. ಮೇಲೆ ಬರೆದ ತೊಂದರೆ ಎಂದರೆ ಬಲಗಿವಿಯ ನರದ ಮೇಲೆ ಒಂದು ಗಡ್ಡೆ. ಬಿಟ್ಟರೆ ಮೆದುಳಿಗೆ ಒತ್ತುತ್ತದೆ, ತೆಗೆದರೆ ನರವೂ ಅದರ ಜೊತೆಗೇ ಹೋಗುತ್ತದೆ. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ಆದರೆ ಅವತ್ತಿನಿಂದ ಪೂರ್ತಿ ನಿಶ್ಶಬ್ದ. ಈಗಲೂ ಯಾರಾದರೂ ತೀರ ಹತ್ತಿರ ಬಂದು ಜೋರಾಗಿ ಕೂಗಿದರೆ ದನಿ ಯಾರದೆಂದು ಗುರುತು ಸಿಗುತ್ತದೆ. ಹಾಡು ಸಿಗುವುದಿಲ್ಲ, ಆದ್ದರಿಂದ ಹಾಡಬೇಡ. ಸಿಟ್ಟು ಇಳಿಯದಿದ್ದರೆ ಇನ್ನೂ ಒಳ್ಳೆಯದು. ಬುಧವಾರದೊಳಗೆ ಒಂದು ದಿನ ಬಂದು, ಏಳು ತಿಂಗಳಿಂದ ಬೈಯಬೇಕೆಂದು ಇಟ್ಟುಕೊಂಡದ್ದನ್ನೆಲ್ಲ ಗಂಟಲು ಹರಿಯುವ ಹಾಗೆ ಬೈದು ಹೋಗು ಪೀಪಿ.